ತಲೆಯಾಡಿಸಿದ ಶಿಷ್ಯ

ಹೊಳೆಯ ಈಚೆ ದಡದಲ್ಲಿ ಆಶ್ರಮ. ಆಚೆ ದಡದಲ್ಲಿ ಊರು. ನಡುವೆ ಓಡಾಡುವುದು ಒಂದೇ ದೋಣಿ.

ಆಶ್ರಮದಲ್ಲಿ ಸಾಂಬಶಿವಾಚಾರ್ಯರು ತರ್ಕ ಕಲಿಸುತ್ತಿದ್ದರು. ಎಂಬತ್ತು ದಾಟಿದ ಜೀವ. ಮಂಡಿ ಊದಿಕೊಂಡು, ಗೋಡೆ ಹಿಡಿಯದೆ ಏಳಲಾರರು. ಅವರ ಶಿಷ್ಯರಲ್ಲಿ ಎಲ್ಲರಿಗಿಂತ ಚುರುಕಾದವನು ತ್ರ್ಯಂಬಕ. ಎಲ್ಲರಿಗಿಂತ ಹೆಚ್ಚು ಹೆದರುವವನೂ ಅವನೇ.

ಆಚಾರ್ಯರ ಪರೀಕ್ಷೆಯ ರೀತಿಯೇ ಬೇರೆ. ಮೂರು ನಾಲ್ಕು ಮಾತು ಹೇಳುವರು. ಅದರಲ್ಲಿ ಒಂದನ್ನು ಎತ್ತಿಕೊಂಡು, "ಈ ಮಾತಿಗೆ ಇಲ್ಲಿ ಏನು ಕೆಲಸ?" ಎಂದು ಕೇಳುವರು. ಮಾತು ನಿಜವೋ ಸುಳ್ಳೋ ಎಂದು ಕೇಳುತ್ತಿರಲಿಲ್ಲ. ಅದು ಕಾರಣವೋ, ತೀರ್ಮಾನವೋ, ಎದುರು ಪಕ್ಷದ ಮಾತೋ, ಸುಮ್ಮನೆ ಹಿನ್ನೆಲೆಯೋ, ಅಷ್ಟನ್ನು ಹೇಳಬೇಕು.

ತಪ್ಪಿದರೆ ಬೈಗುಳವಿಲ್ಲ. ಆಚಾರ್ಯರು ಸುಮ್ಮನೆ ನೋಡುವರು. ಬೈಗುಳಕ್ಕಿಂತ ಆ ನೋಟಕ್ಕೇ ತ್ರ್ಯಂಬಕ ಹೆದರುತ್ತಿದ್ದ.

ಅದಕ್ಕೆ ಅವನು ಒಂದು ಉಪಾಯ ಕಂಡುಕೊಂಡಿದ್ದ. 'ಏಕೆಂದರೆ' ಎಂದು ಬಂದರೆ ಕಾರಣ. 'ಆದ್ದರಿಂದ' ಎಂದು ಬಂದರೆ ತೀರ್ಮಾನ. ಮಾತನ್ನು ಪೂರ್ತಿ ಕೇಳುವುದೇ ಬೇಡ, ಈ ಎರಡನ್ನು ಹಿಡಿದರೆ ಸಾಕು.

ಒಂದು ಬೆಳಿಗ್ಗೆ ಆಚಾರ್ಯರು ಹೇಳಿದರು: "ನಾಯಿ ಬೊಗಳುತ್ತಿದೆ. ಯಾರೋ ಹೊಸಬರು ಬಂದಿದ್ದಾರೆ. ಅನ್ನಕ್ಕೆ ಇನ್ನೊಂದು ಹಿಡಿ ಅಕ್ಕಿ ಹಾಕಬೇಕು. ತ್ರ್ಯಂಬಕ, ನಡುವಿನ ಮಾತಿಗೆ ಏನು ಕೆಲಸ?"

ಏಕೆಂದರೆ ಇಲ್ಲ. ಆದ್ದರಿಂದ ಇಲ್ಲ. ತ್ರ್ಯಂಬಕ ಊಹಿಸಿದ.

"ಕಾರಣ, ಗುರುಗಳೆ. ಹೊಸಬರು ಬಂದಿದ್ದಕ್ಕೆ ಅಕ್ಕಿ."

"ಅರ್ಧ ಹೇಳಿದೆ. ಹೊಸಬರು ಬಂದಿದ್ದಾರೆಂದು ಯಾರು ಹೇಳಿದರು?"

"ನಾಯಿ."

"ಹಾಗಾದರೆ ಆ ಮಾತು ನಾಯಿ ಬೊಗಳಿದ್ದರಿಂದ ಹುಟ್ಟಿದ ತೀರ್ಮಾನ. ಅಕ್ಕಿಗೆ ಮಾತ್ರ ಕಾರಣ. ಹಿಂದಿನ ಮಾತಿಗೆ ಮಗ, ಮುಂದಿನ ಮಾತಿಗೆ ಅಪ್ಪ. ಅಪ್ಪನನ್ನು ಕಂಡಾಗ ಅವನು ಯಾರ ಮಗ ಎಂದೂ ಕೇಳಬೇಕು."

ಆಚಾರ್ಯರು ಮಾತು ಮುಗಿಸುವಷ್ಟರಲ್ಲಿ ಆಚೆ ಊರಿನ ಯಜಮಾನ ಕೆಂಚೇಗೌಡ ದೋಣಿಯಿಂದ ಇಳಿದು ಏದುಸಿರು ಬಿಡುತ್ತ ಬಂದ. ಅವನ ಕಣ್ಣು ಕೆಂಪಗಿತ್ತು.

"ಸ್ವಾಮಿ, ನಿನ್ನೆ ಮಧ್ಯಾಹ್ನದಿಂದ ಊರಲ್ಲಿ ಐದು ಮಕ್ಕಳಿಗೆ ವಾಂತಿ ಭೇದಿ. ಇವತ್ತು ನಸುಕಿನಲ್ಲಿ ಒಂದು ಹೋಯ್ತು. ನನ್ನ ತಂಗಿ ಮಗಳು. ಇದೆಲ್ಲ ಆ ಈರಕ್ಕನ ಕೆಲಸ. ಗುಡಿಸಲಲ್ಲಿ ಕೂಡಿಹಾಕಿದ್ದೀವಿ. ನೀವು ಬಂದು ಸರಿ ಅಂದ್ರೆ ಸಾಕು, ಮುಂದಿನದು ಊರು ನೋಡಿಕೊಳ್ಳುತ್ತೆ."

ಆಚಾರ್ಯರು ತಮ್ಮ ಮಂಡಿ ನೋಡಿಕೊಂಡರು. ಆಮೇಲೆ ತ್ರ್ಯಂಬಕನ ಕಡೆ ತಿರುಗಿದರು.

"ನೀನು ಹೋಗು. ಯಾರು ಏನು ಹೇಳಿದರು, ಯಾವ ಮಾತು ಯಾವುದರ ಮೇಲೆ ನಿಂತಿದೆ, ಕೇಳಿಕೊಂಡು ಬಾ. ಅಲ್ಲಿ ಬಾಯಿ ತೆರೆಯಬೇಡ."

ಊರ ಬೇವಿನ ಮರದ ಕೆಳಗೆ ಜನ ನೆರೆದಿದ್ದರು. ಕೆಲವರ ಕೈಯಲ್ಲಿ ದೊಣ್ಣೆ. ಕೆಲವರ ಕೈಯಲ್ಲಿ ಕುಡುಗೋಲು. ಮಗು ಕಳೆದುಕೊಂಡ ತಾಯಿ ಹೊನ್ನಿ ಅಳುತ್ತಿರಲಿಲ್ಲ. ನೆಲ ನೋಡುತ್ತ ಕೂತಿದ್ದಳು.

ತ್ರ್ಯಂಬಕನ ಹಿಂದೆ ಯಾರೋ ಬಂದು ನಿಂತರು. ಅವರ ಉಸಿರು ಅವನ ಕತ್ತಿಗೆ ತಾಗುತ್ತಿತ್ತು. ತಿರುಗಿ ನೋಡುವ ಧೈರ್ಯವಾಗಲಿಲ್ಲ.

ಕೆಂಚೇಗೌಡ ಜೋರಾಗಿ ಹೇಳಿದ: "ಈರಕ್ಕ ಮಾಟಗಾತಿ. ಅದಕ್ಕೇ ಮಕ್ಕಳಿಗೆ ಹೀಗಾಯ್ತು. ಬಾವಿಗೆ ಏನೋ ಹಾಕಿದಾಳೆ. ಅದಕ್ಕೇ ಒಂದು ಜೀವ ಹೋಯ್ತು. ಅದಕ್ಕೇ ಅವಳು ಉಳೀಬಾರದು."

ದೂರದ ಗುಡಿಸಲಿನ ಬಾಗಿಲನ್ನು ಒಳಗಿನಿಂದ ಯಾರೋ ಬಡಿದರು. ಮುದಿ ದನಿಯೊಂದು ಕೂಗಿತು: "ನೀರು ಕುಡಿಸ್ರೋ! ಮಕ್ಕಳಿಗೆ ನೀರು ಕುಡಿಸ್ರೋ!"

"ಕೇಳಿದ್ರಾ?" ಎಂದ ಕೆಂಚೇಗೌಡ. "ಆ ಬಾವಿ ನೀರನ್ನೇ ಇನ್ನೂ ಕುಡಿಸಿ ಅಂತಾಳೆ. ಹೇಳಿ ಸ್ವಾಮಿ, ನಮ್ಮ ಮಾತು ಸರಿಯಾಗಿದೆಯೋ ಇಲ್ಲವೋ?"

ಎಲ್ಲರ ಕಣ್ಣೂ ತ್ರ್ಯಂಬಕನ ಮೇಲೆ. ಕತ್ತಿನ ಮೇಲಿನ ಉಸಿರು ಇನ್ನಷ್ಟು ಹತ್ತಿರ ಬಂತು.

ಅವನು ಹೌದೆಂಬಂತೆ ತಲೆಯಾಡಿಸಿದ.

ಜನರ ಎದೆಯಿಂದ ಒಂದು ನಿಟ್ಟುಸಿರು ಹೊರಟಿತು. ಹಿಂದೆ ನಿಂತಿದ್ದವನು ಪಕ್ಕಕ್ಕೆ ಸರಿದು ದಾರಿ ಬಿಟ್ಟ.

ತ್ರ್ಯಂಬಕ ಆಶ್ರಮ ತಲುಪಿದಾಗ ಹೊತ್ತು ನೆತ್ತಿಗೆ ಬಂದಿತ್ತು.

"ವಾದ ಕ್ರಮವಾಗಿದೆ, ಗುರುಗಳೆ. ಈರಕ್ಕ ಮಾಟಗಾತಿ, ಇದು ಕಾರಣ. ಮಕ್ಕಳಿಗೆ ಕಾಯಿಲೆ ಅವಳಿಂದ ಬಂತು, ಇದು ತೀರ್ಮಾನ."

"ಅಪ್ಪನನ್ನು ಕಂಡೆ. ಅವನು ಯಾರ ಮಗ? ಅವಳು ಮಾಟಗಾತಿ ಎಂದು ಹೇಗೆ ತಿಳಿಯಿತು?"

"ಮಕ್ಕಳಿಗೆ ಕಾಯಿಲೆ ಬಂತಲ್ಲ, ಅದರಿಂದ..."

ತ್ರ್ಯಂಬಕ ತನ್ನ ಮಾತನ್ನೇ ಮತ್ತೊಮ್ಮೆ ಕೇಳಿಕೊಂಡ.

"ತನಗೆ ತಾನೇ ಅಪ್ಪನಾದವನನ್ನು ಎಲ್ಲಾದರೂ ಕಂಡಿದ್ದೀಯಾ?" ಎಂದರು ಆಚಾರ್ಯರು. "ಇರಲಿ. ಅಲ್ಲಿ ನೀನು ಬಾಯಿ ತೆರೆಯಲಿಲ್ಲ ತಾನೆ?"

"ಇಲ್ಲ ಗುರುಗಳೆ. ಸರಿಯಾಗಿದೆಯೇ ಎಂದು ಕೇಳಿದರು. ಸುಮ್ಮನೆ ತಲೆಯಾಡಿಸಿದೆ, ಅಷ್ಟೇ."

ಆಚಾರ್ಯರ ಮುಖ ಬಿಳಿಚಿಕೊಂಡಿತು. ತ್ರ್ಯಂಬಕ ಅವರನ್ನು ಹಾಗೆ ಎಂದೂ ಕಂಡಿರಲಿಲ್ಲ.

"ಮಗೂ, ನಿನ್ನ ಆ ತಲೆಯಾಡಿಸಿದ್ದಕ್ಕೆ ಈಗ ಅವರ ವಾದದಲ್ಲಿ ಏನು ಕೆಲಸ?"

ತ್ರ್ಯಂಬಕನಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಹೊಳೆಯಿತು. ಅವರಿಗೆ ಒಂದು ಕಾರಣ ಬೇಕಾಗಿತ್ತು. ಅದನ್ನು ಅವನೇ ಕೊಟ್ಟು ಬಂದಿದ್ದ.

"ನೀವೂ ಬನ್ನಿ ಗುರುಗಳೆ. ನನ್ನ ಮಾತು ಅವರು ಕೇಳುವುದಿಲ್ಲ. ನನ್ನನ್ನು ಕೊಂದುಬಿಡುತ್ತಾರೆ."

"ನಿನ್ನನ್ನು ಕಳಿಸಿದ ತಪ್ಪು ನನ್ನದು. ಆದರೆ ಈ ಕಾಲು ದೋಣಿ ಮುಟ್ಟುವಷ್ಟರಲ್ಲಿ ಅಲ್ಲಿ ಎಲ್ಲ ಮುಗಿದಿರುತ್ತದೆ. ಓಡು."

ನಡುಹೊಳೆಯಲ್ಲಿ ಇದ್ದಾಗಲೇ ಊರಿನ ಮೇಲೆ ಹೊಗೆ ಕಾಣಿಸಿತು. ದೋಣಿಯವನು ಹುಟ್ಟು ಹಾಕುವುದನ್ನು ನಿಲ್ಲಿಸಿ, "ಇವತ್ತು ಅಲ್ಲಿ ಇಳೀಬೇಡಿ ಸ್ವಾಮಿ" ಎಂದ. ತ್ರ್ಯಂಬಕನಿಗೂ ಅದೇ ಬೇಕಾಗಿತ್ತು. "ಬೇಗ ಹಾಕು" ಎಂದು ತನ್ನ ಬಾಯಿಂದಲೇ ಬಂದದ್ದನ್ನು ಕೇಳಿ ಅವನಿಗೇ ಅಚ್ಚರಿಯಾಯಿತು.

ಗುಡಿಸಲು ಉರಿಯುತ್ತಿತ್ತು. ಈರಕ್ಕನನ್ನು ಹೊರಗೆಳೆದು ಬೇವಿನ ಬುಡಕ್ಕೆ ಕಟ್ಟಿದ್ದರು. ಒಂದು ಕಲ್ಲು ಆಗಲೇ ಬಿದ್ದಿತ್ತು. ಎಡಗಣ್ಣಿನಿಂದ ರಕ್ತ ಸುರಿಯುತ್ತಿತ್ತು. ಸುತ್ತ ನಿಂತವರ ಕೈಯಲ್ಲೆಲ್ಲ ಕಲ್ಲು.

ತ್ರ್ಯಂಬಕ ಓಡಿ ಹೋಗಿ ಅವಳ ಮುಂದೆ ನಿಂತ. 

"ಬೆಳಿಗ್ಗೆ ನಾನು ತಲೆಯಾಡಿಸಿದ್ದು ನಿಮ್ಮ ಮಾತು ಒಪ್ಪಿ ಅಲ್ಲ. ಹೆದರಿ."

"ಓದಿದೋನು ಆಗ ಒಂದು, ಈಗ ಒಂದು ಹೇಳ್ತಾನೆ!" ಯಾರೋ ಕೂಗಿದರು. "ಇವನಿಗೂ ಮಾಟ ತಗುಲಿದೆ!"

ಒಂದು ಕಲ್ಲು ಅವನ ಭುಜಕ್ಕೆ ಬಡಿಯಿತು. ಓಡಬೇಕೆನಿಸಿತು. ಕಾಲು ಕದಲಲಿಲ್ಲ. ಅದು ಧೈರ್ಯವೋ, ಭಯಕ್ಕೆ ಕಾಲು ಮರಗಟ್ಟಿತ್ತೋ, ಅವನಿಗೆ ತಿಳಿಯಲಿಲ್ಲ.

"ಒಂದೇ ಒಂದು ಮಾತು ಕೇಳುತ್ತೇನೆ," ಎಂದ. "ಇವಳು ಮಾಟಗಾತಿ ಎಂದು ನಿಮಗೆ ಯಾವತ್ತು ಗೊತ್ತಾಯಿತು?"

"ನಿನ್ನೆ!"

"ಮೊನ್ನೆ ಯಾರಾಗಿದ್ದಳು?"

ಹಿಂದಿನಿಂದ ಒಬ್ಬ ಮುದುಕ, "ಬಾಣಂತಿಯರಿಗೆ ಕಷಾಯ ಕಾಸಿಕೊಡೋಳು" ಎಂದ. ಅವನ ಮಗ ಅವನ ತೋಳು ಜಗ್ಗಿದ.

"ನಿನ್ನೆ ಕಣ್ಣಾರೆ ಕಂಡವರು ಯಾರು? ಏನು ಕಂಡಿರಿ?"

ಸಣ್ಣಮ್ಮ ಎಂಬ ಹೆಂಗಸು ಮುಂದೆ ಬಂದಳು. ಅವಳ ಮಗನೂ ಮನೆಯಲ್ಲಿ ಕಾಯಿಲೆ ಬಿದ್ದಿದ್ದ. "ನಾನು ಕಂಡೆ. ನನ್ನ ಮಗನ ಬಾಯಿಗೆ ಅವಳು ಏನೋ ಹಿಂಡಿದಳು."

"ನೋಡಿದ್ರಾ!" ಎಂದು ಜನ ಕೂಗಿದರು. ಕಲ್ಲು ಹಿಡಿದ ಕೈಗಳು ಮೇಲೆದ್ದವು.

ಇದೇ ಮಾತನ್ನು ಬೆಳಿಗ್ಗೆ ಕೇಳಿದ್ದರೆ ತ್ರ್ಯಂಬಕ ಅದನ್ನು ಕಾರಣವೆಂದು ಹೇಳಿ ಸುಮ್ಮನಾಗುತ್ತಿದ್ದ. ಈಗ ಮತ್ತೆ ಕೇಳಿದ:

"ಅವಳು ಹಿಂಡುವ ಮೊದಲು ಮಗ ಹೇಗಿದ್ದ ತಾಯಿ?"

ಸಣ್ಣಮ್ಮ ಗಂಡನ ಮುಖ ನೋಡಿದಳು. ಗಂಡ ಬೇಡವೆಂಬಂತೆ ಕಣ್ಣಿನಲ್ಲೇ ಹೆದರಿಸಿದ. ಅವಳು ಮುಖ ತಿರುಗಿಸಿದಳು.

"ವಾಂತಿ ಮಾಡ್ತಿದ್ದ."

"ಮೊದಲೇ?"

"ಮೊದಲೇ. ಅದಕ್ಕೇ ನಾನು ಓಡಿ ಹೋಗಿ ಇವಳನ್ನ ಕರ್ಕೊಂಡು ಬಂದೆ. ನಾನೇ ಕರೆದೆ." ಅವಳು ಅಲ್ಲೇ ಕುಸಿದು ಕೂತು ಅಳತೊಡಗಿದಳು. "ನಾನೇ ಕರೆದೆ ಅಂತ ಹೇಳಿದ್ರೆ ನನ್ನನ್ನೂ ಕಟ್ಟಿಹಾಕ್ತೀರಿ ಅಂತ ಸುಮ್ಮನಿದ್ದೆ."

ಮೇಲೆದ್ದ ಕೈಗಳು ಹಾಗೇ ನಿಂತವು. ಆಗ ಈರಕ್ಕ ಬಾಯಿ ಬಿಟ್ಟಳು. ದನಿ ಸೋತಿತ್ತು.

"ಬೇಲಿ ಸಾಲಿನ ಕಾಡುಹರಳು, ಆ ವಿಷದ ಬೀಜ ತಿಂದವೆ ಮಕ್ಕಳು. ವಾಂತೀಲಿ ಸಿಪ್ಪೆ ಇತ್ತು. ನಾನು ಬಟ್ಟೆ ಅದ್ದಿ ಹಿಂಡಿದ್ದೂ ನೀರೇ. ನಿನ್ನೆಯಿಂದ ಹೇಳ್ತಿದೀನಿ. ನೀರು ಕುಡಿಸ್ರೋ, ಎಳನೀರು ಕುಡಿಸ್ರೋ, ಮೈ ಒಣಗಿ ಹೋಗ್ತದೆ."

ಯಾರೋ ಸಣ್ಣಮ್ಮನ ಮನೆಗೆ ಓಡಿದರು. ಹುಡುಗ ಮಲಗಿದ್ದಲ್ಲೇ ಹೌದೆಂದ. ಶೇಂಗಾದ ಹಾಗೆ ರುಚಿಯಾಗಿತ್ತು, ಎಲ್ಲರೂ ಹಂಚಿಕೊಂಡು ತಿಂದೆವು ಎಂದ.

ಕಲ್ಲುಗಳು ಒಂದೊಂದಾಗಿ ನೆಲಕ್ಕೆ ಬಿದ್ದವು. ಕೆಂಚೇಗೌಡ ಹಗ್ಗ ಬಿಚ್ಚಲು ಬಂದ. ತಾನೇ ಹಾಕಿದ ಗಂಟು ಅವನಿಗೆ ಸಿಗಲಿಲ್ಲ. ಕೊನೆಗೆ ಕುಡುಗೋಲಿನಿಂದ ಕೊಯ್ದ.

ಹೊನ್ನಿ ಎದ್ದು ಬಂದು ತ್ರ್ಯಂಬಕನ ಎದುರು ನಿಂತಳು.

"ಇವಳಲ್ಲ ಅಂದ್ರೆ ನನ್ನ ಮಗಳನ್ನ ಯಾರು ಕೊಂದ್ರು, ಸ್ವಾಮಿ?"

ತ್ರ್ಯಂಬಕ ಅವಳಿಗೆ ಕೈ ಮುಗಿದ. ಅವಳು ಮನೆಯ ಕಡೆ ನಡೆದಳು.

ಉಳಿದ ನಾಲ್ಕು ಮಕ್ಕಳಿಗೆ ಊರು ನೀರು ಕುಡಿಸಿತು, ಎಳನೀರು ಕುಡಿಸಿತು. ಮೂರನೆಯ ದಿನಕ್ಕೆ ಅವು ಎದ್ದು ಕೂತವು. ಈರಕ್ಕನ ಎಡಗಣ್ಣು ಮಾತ್ರ ಮತ್ತೆ ಕಾಣಲಿಲ್ಲ. ಊರಿನವರು ಹೊಸ ಗುಡಿಸಲು ಕಟ್ಟಿಕೊಡುತ್ತೇವೆ ಎಂದರು. ಅವಳು ಬೇಡವೆಂದು ಸಣ್ಣಮ್ಮನ ಮನೆಯಲ್ಲಿ ಉಳಿದಳು.

ಕಲ್ಲು ಬಿದ್ದ ದಿನವೇ ತ್ರ್ಯಂಬಕ ಅವಳ ಗಾಯ ತೊಳೆಯುತ್ತ, "ತಪ್ಪಾಯಿತು, ಅಮ್ಮ" ಎಂದಿದ್ದ.

"ಬೆಳಿಗ್ಗೆ ಬಾಗಿಲ ಸಂದಿಯಿಂದ ನಿಮ್ಮನ್ನ ನೋಡಿದೆ," ಎಂದಳು ಈರಕ್ಕ. "ಓದಿದೋರು ಬಂದ್ರು, ಬದುಕಿದೆ ಅಂದ್ಕೊಂಡೆ."

ಮತ್ತೆ ಗಾಯ ತೊಳೆಯಲು ಮುಖ ಮುಂದೆ ಮಾಡಿದಳು.

ಅದೇ ದಿನ ಹೊತ್ತು ಮುಳುಗುವಾಗ ತ್ರ್ಯಂಬಕ ಈಚೆ ದಡಕ್ಕೆ ಬಂದ. ಆಚಾರ್ಯರು ದೋಣಿಗಟ್ಟೆಯ ಅರ್ಧದಾರಿಯಲ್ಲಿ, ನೆಲದ ಮೇಲೆ ಕೂತಿದ್ದರು. ಮಂಡಿ ಮಣ್ಣಾಗಿತ್ತು. ಅಲ್ಲಿಯವರೆಗೆ ತೆವಳಿಕೊಂಡೇ ಬಂದಿದ್ದರು.

"ಬದುಕಿದ್ದಾಳೆ," ಎಂದ ತ್ರ್ಯಂಬಕ. ಕಂಡದ್ದು, ಕೇಳಿದ್ದು ಎಲ್ಲವನ್ನೂ ಹೇಳಿದ. ಕಣ್ಣಿನ ವಿಷಯವನ್ನೂ ಬಿಡಲಿಲ್ಲ.

ಆಚಾರ್ಯರು ಎಲ್ಲವನ್ನೂ ಕೇಳಿದರು. ಮೆಚ್ಚಲಿಲ್ಲ, ಬೈಯಲೂ ಇಲ್ಲ.

"ಗುರುಗಳೆ," ಎಂದ ತ್ರ್ಯಂಬಕ ಕೊನೆಗೆ, ಎರಡೂ ಅಂಗೈ ಮುಂದೆ ಚಾಚಿ. "ಎಲ್ಲ ಮುಗಿಯಿತು. ಆದರೂ ಕೈ ನಡುಗುತ್ತಿದೆ. ಇದು ಯಾವಾಗ ನಿಲ್ಲುತ್ತದೆ?"

ಆಚಾರ್ಯರು ಆ ಕೈಗಳನ್ನು ಹಿಡಿದುಕೊಂಡರು.

"ನಿಂತ ದಿನ ಬಂದು ಹೇಳು. ಆಮೇಲೆ, ಮಾತಿನ ಭಾರ ಮರೆತ ನಿನ್ನನ್ನು ಯಾರ ನ್ಯಾಯಕ್ಕೂ ಕಳಿಸುವುದಿಲ್ಲ."