ಬೊಮ್ಮಿಯ ಗದ್ದ

ಏಳು ಗುಡ್ಡದ ಆಚೆ, ಎಂಟು ಹಳ್ಳದ ಈಚೆ ಒಂದು ಊರಿತ್ತಂತೆ. ಊರ ತುಂಬ ಗಾಣ. ಹೊತ್ತು ಹುಟ್ಟಿದಾಗಿನಿಂದ ಹೊತ್ತು ಮುಳುಗುವವರೆಗೆ ಕಿರ್ರೋ ಕಿರ್ರೋ ಅಂತ ಎತ್ತು ಸುತ್ತೋದು, ಎಳ್ಳೆಣ್ಣೆ ಸೋರೋದು. ಆ ಊರಲ್ಲಿ ಬಾಗಿಲಿಗೂ ಎಣ್ಣೆ, ಬಾವಿ ಹಗ್ಗಕ್ಕೂ ಎಣ್ಣೆ. ಜನರ ಕೈಯಂತೂ ಕೇಳಲೇಬೇಡಿ.

ಆ ಊರಿಗೊಂದು ಪದ್ಧತಿ ಇತ್ತಂತೆ. ಮದುವೆಯಾಗದ ಹುಡುಗಿ ಎದುರು ಸಿಕ್ಕರೆ ಹಿರಿಯರಾದವರು ಅವಳ ಗದ್ದ ಹಿಡಿದು, ಮುಖವನ್ನು ಬೆಳಕಿಗೆ ಎತ್ತಿ, ಒಮ್ಮೆ ಆ ಕಡೆ ಒಮ್ಮೆ ಈ ಕಡೆ ತಿರುಗಿಸಿ ನೋಡಬೇಕು. ಆಮೇಲೆ ಕೈಯಲ್ಲಿದ್ದ ಎಣ್ಣೆಯನ್ನು ಅವಳ ಕೆನ್ನೆಗೆ ಸವರಿ "ಕಳೆಯಾಗಿರು" ಅನ್ನಬೇಕು. ಆಶೀರ್ವಾದವಂತೆ! ಸಂತೆಯಲ್ಲಿ ಎಮ್ಮೆಯ ಹಲ್ಲು ನೋಡುವವನು ಕೂಡ ಮೊದಲು ಒಂದು ಹಿಡಿ ಹುಲ್ಲು ಕೊಟ್ಟು ಆಮೇಲೆ ಬಾಯಿ ತೆರೆಸುತ್ತಾನೆ. ಇವರಿಗೆ ಅಷ್ಟೂ ಮರ್ಯಾದೆ ಇರಲಿಲ್ಲ. ಹೇಳುವಾಗಲೇ ನನಗೆ ಮೈ ಉರಿಯುತ್ತದೆ.

ಆ ಊರಲ್ಲಿ ಗಾಣದ ಮಾಳಪ್ಪನಿಗೆ ಬೊಮ್ಮಿ ಅಂತ ಒಬ್ಬಳೇ ಮಗಳು. ತಾಯಿ ಇಲ್ಲ. ಹದಿನೇಳು ತುಂಬುವ ಹೊತ್ತಿಗೆ ಅವಳ ಮುಖದ ತುಂಬ ಮೊಡವೆ ಎದ್ದವಂತೆ. ತಿಂಗಳ ಮುಟ್ಟಿಗೆ ನಾಲ್ಕು ದಿನ ಮುಂಚೆ ಗದ್ದದ ಸುತ್ತ ಕೆಂಪಗೆ ಏಳುವುದು, ಕೀವಾಗುವುದು, ಒಡೆದು ಕಪ್ಪು ಕಲೆಯಾಗುವುದು. ಒಂದು ಕಲೆ ಆರುವಷ್ಟರಲ್ಲಿ ಇನ್ನೊಂದು ತಿಂಗಳು ಬಂದೇ ಬಿಡುವುದು.

ಇನ್ನು ಊರಿನವರು ಬಿಡುತ್ತಾರೆಯೇ? ಒಬ್ಬಳು ಬಂದು ಸುಣ್ಣ ಹಚ್ಚಿದಳಂತೆ. ಒಬ್ಬಳು ನಿಂಬೆಹಣ್ಣು ಉಜ್ಜಿದಳಂತೆ. ಒಬ್ಬ ಮುದುಕ ಎಲೆಅಡಿಕೆ ಜಗಿದು ಎಂಜಲು ಹಚ್ಚಿದನಂತೆ, ಥೂ! ಸೋದರತ್ತೆ ಕಾಳಮ್ಮ ದಿನಾ ಬೆಳಿಗ್ಗೆ ಹಿಡಿದು ಕೂರಿಸಿ ಉಗುರಲ್ಲಿ ಒಂದೊಂದೇ ಚಿವುಟುತ್ತಿದ್ದಳಂತೆ. ಮೇಲೆ ಬಿಸಿ ಎಣ್ಣೆ. ಹೊಟ್ಟೆಗೆ ಎಣ್ಣೆಯಲ್ಲಿ ಕರಿದದ್ದು, ಬೆಲ್ಲ ಸುರಿದ ಎಳ್ಳುಂಡೆ. "ಗಾಣದ ಮನೆ ಮಗಳು ಎಣ್ಣೆ ಬೇಡ ಅಂದ್ರೆ ಕುಲಕ್ಕೇ ಅವಮಾನ ಕಣೇ" ಅನ್ನುತ್ತಿದ್ದಳಂತೆ.

ಎಷ್ಟು ಹಚ್ಚಿದರೂ ಮೊಡವೆ ಹೋಗಲಿಲ್ಲ. ಊರ ಯಜಮಾನ ಹಂಪಶೆಟ್ಟಿ ಕಟ್ಟೆಯ ಮೇಲೆ ಪಂಚಾಯ್ತಿ ಸೇರಿಸಿದನಂತೆ. ಬೊಮ್ಮಿಯ ಗದ್ದ ಹಿಡಿದು, ಎತ್ತಿ, ಆ ಕಡೆ ಈ ಕಡೆ ತಿರುಗಿಸಿ ಹೇಳಿದನಂತೆ:

"ಇದು ಮೊಡವೆ ಅಲ್ಲ, ಗಾಳಿ ಸೋಕಿರೋದು. ಮೂರು ಹುಣ್ಣಿಮೆ ನೋಡೋಣ. ಹೋಗ್ಲಿಲ್ಲ ಅಂದ್ರೆ ಅರಿಶಿನದ ಕೊಂಬು ಕಾಯಿಸಿ ಎರಡು ಕೆನ್ನೆಗೂ ಬರೆ ಹಾಕೋದೇ. ಕೆಟ್ಟದ್ದು ಎಲ್ಲಿ ಕೂತಿದೆಯೋ ಅಲ್ಲಿಗೇ ಬರೆ. ಏನಂತೀಯ ಮಾಳಪ್ಪ?"

ಅಪ್ಪ ಅನ್ನಿಸಿಕೊಂಡವನು ಏನಂದ ಗೊತ್ತೇ? ನೆಲ ನೋಡಿದನಂತೆ. ಹಗಲೆಲ್ಲ ಎತ್ತಿನ ಹಿಂದೆ ಹೋ ಹೋ ಅಂತ ಕೂಗುವವನು, ಮಗಳ ಮುಖ ಸುಡುತ್ತೀವಿ ಅಂದಾಗ ಹೆಗಲ ವಸ್ತ್ರ ಕೊಡವಿಕೊಂಡು ಎದ್ದು ಹೋದನಂತೆ.

ಬೊಮ್ಮಿ ಅಳಲಿಲ್ಲ. ಸಿಟ್ಟಿನಲ್ಲಿ ಹಲ್ಲು ಕಚ್ಚಿಕೊಂಡು ಗಾಣದ ಮನೆಗೆ ಬಂದು, ಎತ್ತಿನ ಕಣ್ಣಪಟ್ಟಿ ಕಿತ್ತು ಬಿಸಾಡಿದಳಂತೆ. "ನಿನಗೂ ಸಾಕು, ನನಗೂ ಸಾಕು" ಅಂದಳಂತೆ. ಹನ್ನೆರಡು ವರ್ಷದಿಂದ ಅವಳು ಹುಲ್ಲು ಹಾಕಿ ಸಾಕಿದ ಎತ್ತು. ಅದು ಕಿವಿ ಒದರಿ ಮಾತಾಡಿತಂತೆ:

"ಅವ್ವಾ ಬೊಮ್ಮಿ, ನನ್ನ ಕಣ್ಣು ಕಟ್ಟಿದ್ದರು, ಮೂಗು ಕಟ್ಟಿರಲಿಲ್ಲ. ನಿನ್ನ ಮುಖದಲ್ಲಿ ಗಾಳಿ ವಾಸನೆ ಇಲ್ಲ. ಹಂಪಶೆಟ್ಟಿ ಕೈಯ ಹಿಂಡಿ ವಾಸನೆ ಇದೆ, ಕಾಳಮ್ಮನ ಕೈಯ ಮೆಣಸಿನಕಾಯಿ ವಾಸನೆ ಇದೆ, ನಲವತ್ತು ಮನೆಯ ಎಣ್ಣೆ ಜಿಡ್ಡಿದೆ. ಪ್ರಾಯಕ್ಕೆ ಬಂದ ಮೈ, ತಿಂಗಳಿಗೊಮ್ಮೆ ಬಿಸಿಯಾಗುತ್ತೆ, ನಾಲ್ಕು ಮೊಡವೆ ಏಳುತ್ತೆ. ಆ ನಾಲ್ಕನ್ನ ನಲವತ್ತು ಮಾಡಿದ್ದು ಈ ಊರಿನ ಕೈ."

"ಹಂಗಾದ್ರೆ ಏನ್ಮಾಡ್ಲಿ?"

"ಒಂದು, ಬಾಯಿ. ಕರಿದದ್ದು, ಎಳ್ಳುಂಡೆ, ಉಪ್ಪಿನಕಾಯಿ ಬಿಡು. ಹೆಸರುಬೇಳೆ ತೊವ್ವೆ, ಹಾಗಲಕಾಯಿ ಪಲ್ಯ ಉಣ್ಣು, ನೆಲ್ಲಿಕಾಯಿ ತಿನ್ನು, ನೀರುಮಜ್ಜಿಗೆ ಕುಡಿ. ಎರಡು, ಮುಖ. ಬೇವಿನಸೊಪ್ಪು ಕುದಿಸಿ ಆರಿಸಿದ ನೀರಲ್ಲಿ ತೊಳಿ. ಕಲೆಗೆ ಮಂಜಿಷ್ಠದ ಬೇರು ತೇಯ್ದು ತೆಳ್ಳಗೆ ಹಚ್ಚು. ಮೂರು, ಕೈ. ನಿನ್ನದೂ ಸೇರಿ ಯಾರ ಕೈಯೂ ಮುಖಕ್ಕೆ ಹೋಗಬಾರದು. ಮೂರೂ ಆದರೆ ಮೂರು ಹುಣ್ಣಿಮೆಗೆ ಆರುತ್ತೆ. ಮೂರರಲ್ಲಿ ಒಂದು ತಪ್ಪಿದರೂ ಇಲ್ಲ."

ಬೊಮ್ಮಿ ಬಾಯಿ ಕಟ್ಟಿದಳಂತೆ. ಬೇವಿನ ನೀರಲ್ಲಿ ಮುಖ ತೊಳೆದಳಂತೆ, ಬೇರು ತೇಯ್ದಳಂತೆ. ಆದರೆ ಹೊಸಿಲು ದಾಟಿದರೆ ಸಾಕು, ಯಾರಾದರೊಬ್ಬರು ಗದ್ದ ಹಿಡಿಯೋರು. "ಏನೇ, ಇನ್ನೂ ಹೋಗಿಲ್ವಾ? ಮುಖ ಎತ್ತು." ಮೊದಲ ಹುಣ್ಣಿಮೆ ಬಂತು. ಮೊಡವೆ ಹಾಗೇ ಇತ್ತು.

ಎರಡನೇ ತಿಂಗಳು "ಮುಟ್ಟಬೇಡಿ" ಅಂತ ಬಾಯಿಬಿಟ್ಟು ಹೇಳಿದಳಂತೆ. ಊರೇ ಉರಿದುಬಿತ್ತು. "ಹಿರಿಯರ ಕೈ ತಳ್ತಾಳೆ ನೋಡ್ರೋ! ಗಾಳಿ ಹಿಡಿದಿರೋದು ಖರೆ!" ಮೊದಲು ದೂರದಿಂದ ಬರೀ ನೋಡುತ್ತಿದ್ದವರೂ ಈಗ ಹಠಕ್ಕೆ ಬಿದ್ದು ಹಿಡಿದರಂತೆ. ಎರಡನೇ ಹುಣ್ಣಿಮೆ ಬಂತು. ಮೊಡವೆ ಇನ್ನೂ ಜಾಸ್ತಿಯಾಗಿತ್ತು. ಒಬ್ಬ ಹುಡುಗಿ ಬೇಡ ಅಂದದ್ದು ಇಡೀ ಊರಲ್ಲಿ ಒಬ್ಬರ ಕಿವಿಗೂ ಬೀಳಲಿಲ್ಲವಲ್ಲ, ಆ ಕಿವಿಗಳಿಗೆ ಏನು ಬಡಿದಿತ್ತೋ!

ಮೂರನೇ ಹುಣ್ಣಿಮೆಯ ಬೆಳಿಗ್ಗೆ ಕಟ್ಟೆಯ ಮುಂದೆ ಕೆಂಡ ಮಾಡಿದರಂತೆ. ಮಾಳಪ್ಪ ಹಿತ್ತಲಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದನಂತೆ. ಬೊಮ್ಮಿ ಗಾಣದ ಮನೆಯ ಹರಳೆಣ್ಣೆ ದೀಪದಿಂದ ಒಂದು ಚಿಪ್ಪು ಮಸಿ ಕೆರೆದು, ಎಣ್ಣೆಯಲ್ಲಿ ಕಲಸಿ, ಗದ್ದದ ಕೆಳಗೆ, ಯಾರ ಕಣ್ಣಿಗೂ ಬೀಳದ ಕಡೆ, ದಪ್ಪಗೆ ಬಳಿದುಕೊಂಡಳಂತೆ. ಚಿಪ್ಪನ್ನು ಸೆರಗಿನಲ್ಲಿ ಕಟ್ಟಿಕೊಂಡು, ಮೂರು ಮನೆಗೊಮ್ಮೆ ಮರೆಯಲ್ಲಿ ನಿಂತು ಮತ್ತೆ ಬಳಿದುಕೊಳ್ಳುತ್ತ, ನಲವತ್ತು ಮನೆಯ ಬಾಗಿಲಿಗೂ ಹೋದಳಂತೆ.

"ಇವತ್ತು ಬರೆ ಹಾಕ್ತಾರೆ. ಒಂದ್ಸಲ ಆಶೀರ್ವಾದ ಮಾಡಿ" ಅಂದಳಂತೆ.

ಬಿಡುತ್ತಾರೆಯೇ? ಗದ್ದ ಹಿಡಿದರು, ಎತ್ತಿದರು, ತಿರುಗಿಸಿದರು, ಲೊಚಗುಟ್ಟಿದರು; ಸುಡೋ ಕೆನ್ನೆಗೆ ಎಣ್ಣೆ ಯಾಕೆ ಅಂತ ಸವರುವುದನ್ನು ಮಾತ್ರ ಬಿಟ್ಟರು. ಎಣ್ಣೆಯ ಕೈಗೆ ಎಣ್ಣೆಯ ಮಸಿ ಹತ್ತಿದ್ದು ಯಾರಿಗೆ ತಿಳಿಯಬೇಕು! ಕೊನೆಗೆ ಕಟ್ಟೆಯ ಹತ್ತಿರ ಹಂಪಶೆಟ್ಟಿಯೂ ಹಿಡಿದು ನೋಡಿದನಂತೆ. ಕೆಂಡದ ಕಾವಿಗೆ ಬೆವರು ಬಂತು, ಅದೇ ಕೈಯಲ್ಲಿ ಹಣೆ ಒರೆಸಿಕೊಂಡನಂತೆ.

"ತನ್ನಿ ಕೊಂಬು" ಅಂದನಂತೆ.

"ನಿಲ್ಲಿ ಯಜಮಾನ್ರೇ" ಅಂದಳಂತೆ ಬೊಮ್ಮಿ. "ಕೆಟ್ಟದ್ದು ಕೂತಿರೋ ಕಡೆಗೇ ಬರೆ ಅಂತ ನೀವೇ ಹೇಳಿದ್ರಿ. ನನ್ನ ಮುಖ ಕೆಡಿಸಿದ್ದು ಈ ಊರಿನ ಕೈ. ಮೊದಲು ಕೈಗೆ ಹಾಕಿ."

"ಯಾವ ಕೈ? ಯಾರು ಮುಟ್ಟಿದ್ರು ನಿನ್ನ?" ಅಂತ ಗದರಿದನಂತೆ ಹಂಪಶೆಟ್ಟಿ.

"ನಾನು ಮುಟ್ಟಿಲ್ಲ", "ನಾನೂ ಮುಟ್ಟಿಲ್ಲ", "ಎಲ್ಲೋ ವರ್ಷಕ್ಕೊಂದ್ಸಲ" ಅಂತ, ಕೈಗೆ ಬರೆ ಅಂದದ್ದೇ ತಡ, ಎಲ್ಲರೂ ಅಂದರಂತೆ. ಕಾಳಮ್ಮನೂ ಅಂದಳಂತೆ!

"ಹಂಗಾದ್ರೆ ಬೆರಳು ತೋರಿಸಿ."

ಒಂದು ಕೂಸು ಹಂಪಶೆಟ್ಟಿಯ ಹಣೆ ನೋಡಿ ಕಿಸಕ್ಕನೆ ನಕ್ಕಿತಂತೆ. ಹಣೆಯ ಮೇಲೆ ನಾಲ್ಕು ಬೆರಳಿನ ಮಸಿ. ಒಬ್ಬರು ಕೈ ನೋಡಿಕೊಂಡರು, ಕಪ್ಪು. ಪಕ್ಕದವರು ನೋಡಿಕೊಂಡರು, ಕಪ್ಪು. ನಲವತ್ತು ಮನೆಯ ಕೈಯೂ ಕಪ್ಪು. ಬೊಮ್ಮಿ ಗದ್ದ ಎತ್ತಿದಳಂತೆ. ಈ ಸಲ ಯಾರೂ ಎತ್ತಲಿಲ್ಲ, ಅವಳೇ ಎತ್ತಿದಳು. ಕೆಳಗಿನ ಮಸಿ ಎಲ್ಲರಿಗೂ ಕಂಡಿತು.

"ಇದು ಇವತ್ತಿನ ಒಂದು ಬೆಳಿಗ್ಗೆಯ ಲೆಕ್ಕ" ಅಂದಳಂತೆ. "ದಿನಾ ಹಿಂಗೇ. ಬೇಡ ಅಂದೆ, ಕೇಳ್ಲಿಲ್ಲ. ಈಗ ಸುಡಿ ನೋಡೋಣ. ಯಾರ ಕೈ ಮೊದಲು?"

ಕೆಂಡ ಚಟಪಟ ಅನ್ನುತ್ತಿತ್ತು. ಒಂದೊಂದೇ ಕೈ ಬೆನ್ನ ಹಿಂದೆ ಹೋಯಿತಂತೆ. ಆಗ ಹಿತ್ತಲಿಂದ ಮಾಳಪ್ಪ ಓಡಿಬಂದು ಒಂದು ಕೊಡ ನೀರನ್ನು ಕೆಂಡಕ್ಕೆ ಸುರಿದನಂತೆ. ತಡವಾಗಿ ಬಂದ, ಆದರೂ ಬಂದ. "ನನ್ನ ಮಗಳ ಗದ್ದ ಇನ್ಮೇಲೆ ಯಾರೂ ಮುಟ್ಟಕೂಡದು" ಅಂದನಂತೆ. ಬೊಮ್ಮಿ ಅವನ ಕಡೆಯೂ ತಿರುಗಿ, "ನೀನೂ ಅಪ್ಪಾ" ಅಂದಳಂತೆ.

ಅಲ್ಲಿಂದ ಮೂರು ಹುಣ್ಣಿಮೆ ಕಳೆಯಿತು. ಬಾಯಿ ಕಟ್ಟಿದ್ದಳು, ಬೇವಿನ ನೀರಿತ್ತು, ಬೇರಿನ ಲೇಪವಿತ್ತು, ಯಾರ ಕೈಯೂ ಇರಲಿಲ್ಲ. ಮುಖ ಆರಿತಂತೆ. ಪೂರ್ತಿ ಆರಿತು ಅಂತ ನಾನು ಸುಳ್ಳು ಹೇಳುವುದಿಲ್ಲ. ಎಡಗೆನ್ನೆಯಲ್ಲಿ ಕಾಳಮ್ಮನ ಉಗುರಿನ ಎರಡು ಕಲೆ ಉಳಿದವು. ತಿಂಗಳಿಗೊಮ್ಮೆ ಒಂದೋ ಎರಡೋ ಮೊಡವೆ ಏಳುವುದು, ತಾನಾಗಿ ಹೋಗುವುದು. ಅದಕ್ಕೆ ಅವಳು ತಲೆ ಕೆಡಿಸಿಕೊಳ್ಳಲಿಲ್ಲ.

ಕೈಯ ಮಸಿ ಸೀಗೆಪುಡಿಗೆ ಹೋಯಿತಂತೆ. ಆದರೆ ಆಮೇಲೂ ಹಂಪಶೆಟ್ಟಿ ಯಾವುದಾದರೂ ಹುಡುಗಿಯನ್ನು ಕಂಡು ಅಭ್ಯಾಸಬಲದಿಂದ ಕೈ ಎತ್ತಿದರೆ, ಅವಳು ನಕ್ಕು "ಬೆರಳು ತೋರಿಸಿ ಯಜಮಾನ್ರೇ" ಅನ್ನುವಳಂತೆ. ಅವನು ಕೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಹೋಗುವನಂತೆ.

ಬೊಮ್ಮಿಯ ಗದ್ದ ಬೊಮ್ಮಿಗೆ, ನನ್ನ ಕಥೆ ನಿಮಗೆ. ಕೇಳಿದವರು ನಿಮ್ಮ ಕೈಯನ್ನು ನಿಮ್ಮ ಮಡಿಲಲ್ಲಿಟ್ಟುಕೊಂಡು ಮನೆಗೆ ಹೋಗಿ.