ಮಾಡಿಗೇರಿದ ಪೆಟ್ರೋಲ್ ಬಾಟಲಿ

"ಬುದ್ಧಿ, ಎಂಟು ತಿಂಗಳಿಂದ ಧ್ಯಾನಕ್ಕೆ ಕೂರುತ್ತಿದ್ದೇನೆ. ಬರುವುದು ತೂಕಡಿಕೆಯೊಂದೇ. ಮನೆ ಬಿಟ್ಟೆ, ಎಲ್ಲರ ನಂಟು ಕಡಿದುಕೊಂಡೆ, ಆದರೂ ಒಳಗೆ ಏನೂ ಚಿಗುರಲಿಲ್ಲ. ಇನ್ನೂ ಎತ್ತರದ ಬೆಟ್ಟಕ್ಕೆ, ಇನ್ನೂ ದೊಡ್ಡ ಗುರುಗಳ ಬಳಿಗೆ ಹೋಗಲೇ?"

ಕೇಳಿದವನು ಗುರುಪಾದ. ಚೀಲ ಕಟ್ಟಿಟ್ಟೇ ಬಂದಿದ್ದ. ಗುರುಗಳು ಹೂಂ ಎಂದರೆ ಬೆಳಗಿನ ಬಸ್ಸಿಗೆ ಹೊರಟೇಬಿಡುವವನು. ಮಠದ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ನಿರ್ವಾಣಸ್ವಾಮಿಗಳು, ಇವನ ಪಾಲಿಗೆ ತಾವು ಸಣ್ಣ ಗುರುಗಳಾದೆವೆಂದು ಬೇಸರಿಸಲಿಲ್ಲ. ನಕ್ಕರು. "ಹೋಗುವೆಯಂತೆ, ಅದಕ್ಕೇನು! ಮೊದಲು ಒಂದು ಕತೆ ಕೇಳು. ಕೈ ಸುಮ್ಮನಿರುವುದು ಬೇಡ, ಸುಲಿ" ಎಂದು ಮೊರವನ್ನು ಅವನತ್ತ ತಳ್ಳಿದರು.

ಒಂದೂರಿನಲ್ಲಿ ಒಬ್ಬ ಮೆಕ್ಯಾನಿಕ್ ಇದ್ದ. ಬೈಕಿನ ಸದ್ದು ಕೇಳಿಯೇ ರೋಗ ಹೇಳುವವನು. ಮೂವತ್ತು ವರ್ಷ ಪಳಗಿದ ಕೈ. ಒಂದು ಬೆಳಿಗ್ಗೆ ಅವನ ಅಂಗಡಿಗೆ ನರ್ಸಮ್ಮ ಒಬ್ಬಳು ಬಂದಳು. ಬೈಕು ಹೊಸ ಮಾದರಿಯದು. ಟ್ಯಾಂಕಿನ ಕೆಳಗೆಲ್ಲೋ ಕಟಕಟ ಸದ್ದು. ಅವಳ ಹೆಗಲಲ್ಲಿ ಲಸಿಕೆಯ ಐಸ್ ಡಬ್ಬಿ. ಪಕ್ಕದೂರಿನ ಶಾಲೆಯಲ್ಲಿ ತಾಯಂದಿರು ಕೂಸುಗಳನ್ನು ಎತ್ತಿಕೊಂಡು ಕಾದಿದ್ದರು. ಐಸು ಕರಗುವುದರೊಳಗೆ ಅವಳು ಅಲ್ಲಿರಬೇಕು.

"ಅಣ್ಣಾ, ಬೇಗ ಆಗುತ್ತದಾ?"

"ಕಾಫಿ ಕುಡಿದು ಬನ್ನಿ ನರ್ಸಮ್ಮಾ, ಅಷ್ಟರಲ್ಲಿ ಮುಗಿದಿರುತ್ತದೆ."

ಟ್ಯಾಂಕು ಇಳಿಸದೆ ಆ ಜಾಗ ಕಾಣದು, ಇಂಜಿನ್ ಓಡದೆ ಆ ಸದ್ದು ಕೇಳದು. ಇದಕ್ಕೆ ಅವನಲ್ಲಿ ಒಂದು ಹಳೆಯ ಉಪಾಯವಿತ್ತು. ಟ್ಯಾಂಕು ಬಿಚ್ಚಿ ಮೂಲೆಗಿಟ್ಟ. ಖಾಲಿ ಸಲೈನ್ ಬಾಟಲಿಗೆ ಪೆಟ್ರೋಲ್ ತುಂಬಿ ಗೋಡೆಯ ಮೊಳೆಗೆ ತೂಗುಹಾಕಿದ. ಅದರ ಪೈಪನ್ನು ಇಂಜಿನ್ನಿಗೆ ಸಿಕ್ಕಿಸಿದ. ಹಳೆಯ ಬೈಕುಗಳೆಲ್ಲ ಹಾಗೇ ಓಡಿದ್ದವು. ಇದು ಓಡಲಿಲ್ಲ.

"ಎತ್ತರ ಸಾಲದು" ಎಂದುಕೊಂಡ. ಬಾಟಲಿಯನ್ನು ತೊಲೆಗೆ ಕಟ್ಟಿದ. ಊಹೂಂ. ಏಣಿ ತಂದು ಮಾಡಿನ ಮೇಲೇರಿ, ಹೆಂಚು ಸರಿಸಿ, ಅಲ್ಲಿಂದ ಬಾಟಲಿ ಇಳಿಬಿಟ್ಟ. ಸ್ಟಾರ್ಟರ್ ಒತ್ತಿ ಒತ್ತಿ ಹೆಬ್ಬೆರಳು ಕೆಂಪಾಯಿತೇ ಹೊರತು ಇಂಜಿನ್ ಒಂದು ಸಲ ಕೆಮ್ಮಲೂ ಇಲ್ಲ. ಪಾಪ, ಮೂವತ್ತು ವರ್ಷದ ಹೆಸರು ಆ ಬಾಟಲಿಯ ಜೊತೆಗೇ ನೇತಾಡುತ್ತಿತ್ತು. ಅವನಿಗೆ ಅಳು ಬರುವುದೊಂದು ಬಾಕಿ.

ಕಾಫಿ ಮುಗಿಸಿ ಬಂದ ನರ್ಸಮ್ಮ ಡಬ್ಬಿ ಅಲುಗಿಸಿ ನೋಡಿದಳು. ಒಳಗೆ ನೀರು ಕುಲುಕಿತು. ತಲೆಯೆತ್ತಿ ಮಾಡು ನೋಡಿದಳು.

"ಅಯ್ಯೋ ಅಣ್ಣಾ! ಸಲೈನ್ ಎಷ್ಟೇ ಎತ್ತರಕ್ಕೆ ಕಟ್ಟಿ, ಅದನ್ನು ಮೈಯೆಲ್ಲ ಓಡಿಸುವುದು ಗುಂಡಿಗೆ ತಾನೇ? ಇದರ ಗುಂಡಿಗೆ ಎಲ್ಲಿ?"

ಮೆಕ್ಯಾನಿಕ್ ಹಣೆ ಚಚ್ಚಿಕೊಂಡ. ಹಳೆಯ ಬೈಕಿನಲ್ಲಿ ಪೆಟ್ರೋಲ್ ತಾನಾಗಿಯೇ ಕೆಳಗಿಳಿಯುತ್ತದೆ. ಹೊಸದರಲ್ಲಿ ಅದನ್ನು ರಭಸದಿಂದ ನೂಕುವ ಪಂಪು ಬೇಕು. ಆ ಪಂಪು ಇರುವುದು ಟ್ಯಾಂಕಿನ ಹೊಟ್ಟೆಯೊಳಗೆ. ಟ್ಯಾಂಕೋ, ಮೂಲೆಯಲ್ಲಿ ಎಣ್ಣೆಬಟ್ಟೆಗಳ ನಡುವೆ ಬಿದ್ದಿತ್ತು.

ಎತ್ತಿ ತಂದ. ಬೈಕಿನ ಪಕ್ಕದಲ್ಲೇ ಸ್ಟೂಲಿನ ಮೇಲಿಟ್ಟು, ಉದ್ದದ ಪೈಪು ಬಿಗಿದು, ಉದ್ದದ ವೈರು ಕೂಡಿಸಿದ. ಟ್ಯಾಂಕಿನ ಭಾರ ಬೈಕಿನ ಮೇಲಿರಲಿಲ್ಲ, ಆದರೆ ಅದರ ಬಲ ಹರಿದುಬರುತ್ತಿತ್ತು. ಗುಂಡಿ ಒತ್ತಿದ್ದೇ ತಡ, ಇಂಜಿನ್ ಹೊತ್ತಿಕೊಂಡಿತು. ಕಟಕಟ ಎನ್ನುತ್ತಿದ್ದದ್ದು ಒಂದು ಸಡಿಲ ಬೋಲ್ಟು. ಎರಡು ಸುತ್ತು ತಿರುವಿದರೆ ಮುಗಿಯಿತು. ಐಸಿನ ಕೊನೆಯ ಚೂರು ಉಳಿದಿರುವಾಗಲೇ ನರ್ಸಮ್ಮ ಶಾಲೆ ಮುಟ್ಟಿದಳು. ಕೂಸುಗಳೆಲ್ಲ ಸೂಜಿ ಚುಚ್ಚಿಸಿಕೊಂಡು ಊರಿಗೆ ಊರೇ ಕೇಳುವಂತೆ ಅತ್ತವು.

ಗುರುಪಾದನಿಗೆ ನಗು ತಡೆಯಲಾಗಲಿಲ್ಲ. ಸುಲಿದ ಕಾಳು ಮೊರದಿಂದ ಚೆಲ್ಲಿದವು.

"ಎಂಥ ಪೆದ್ದ! ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಹಾಗಾಯಿತಲ್ಲ ಬುದ್ಧಿ! ಬೇಕಾದ್ದನ್ನು ತಾನೇ ಬಿಚ್ಚಿ ಮೂಲೆಗಿಟ್ಟು, ಮಾಡು ಹತ್ತಿ ಕೂತನಲ್ಲ!"

ಅವನ ನಗು ಮುಗಿಯುವವರೆಗೆ ಕಾದು ಗುರುಗಳು ಮೆಲ್ಲಗೆ ಕೇಳಿದರು:

"ನಿನ್ನನ್ನು ಸಾಕಿ ಬೆಳೆಸಿದ ಅಕ್ಕನ ಜೊತೆ ಮಾತಾಡಿ ಎಷ್ಟು ದಿನವಾಯಿತಪ್ಪಾ?"

ಗುರುಪಾದ ಕಟ್ಟಿಟ್ಟ ಚೀಲ ಬಿಚ್ಚಿ, ಒಳಗೆ ಫೋನಿಗಾಗಿ ತಡಕಾಡಿದ.