ದೇವರಿಗೆ ಬಿಟ್ಟ ಕರು

ಮಾಳವ್ವ ಹೊಳೆದಂಡೆಯ ಮಠದ ಮುಂದೆ ಬಾಡಿಗೆ ಟಂಟಂ ಆಟೋ ನಿಲ್ಲಿಸಿ, ಹೋರಿಕರುವೊಂದನ್ನು ಕೆಳಗಿಳಿಸಿದಳು.

ಕರುವಿನ ಕೊರಳಿಗೆ ಚೆಂಡು ಹೂವಿನ ಹಾರ ಹಾಕಿದ್ದಳು. ಹಣೆಗೆ ಅರಿಸಿನ ಬಳಿದಿದ್ದಳು. ಹೊಟ್ಟೆಗೆ ಮಾತ್ರ ಏನೂ ಹಾಕಿರಲಿಲ್ಲ.

ಅವಳು ಸಣ್ಣವಳಿದ್ದಾಗಿನಿಂದ ಈ ಮಠದ ಅಜ್ಜಾರ ಶಿಷ್ಯೆ. ಈಗ ಊರಿನ ಯುವ ಹೈನುಗಾರರ ಸಂಘಕ್ಕೆ ಅಧ್ಯಕ್ಷೆ. ಅವಳ ಮಾತು ಕೇಳಿ ಹುಡುಗರು, ಹುಡುಗಿಯರು ಮನೆಗೊಂದು ಸೀಮೆ ಆಕಳು ಕಟ್ಟಿದ್ದರು.

"ಅಜ್ಜಾರ, ಇವತ್ತು ಸಂಜೀಗೆ ತಾಲೂಕಿನಾಗ ನನಗ ಸನ್ಮಾನ ಐತ್ರಿ. ಆಶೀರ್ವಾದ ಮಾಡ್ರಿ. ಗಿಣ್ಣ ತಂದೀನಿ."

ಅಜ್ಜಾರು ಗಿಣ್ಣಿನ ಬಟ್ಟಲು ನೋಡಿದರು. ಆಮೇಲೆ ಕರುವನ್ನು ನೋಡಿದರು.

"ಇದ್ಯಾಕ ಬಂದೈತಿ?"

"ನಮ್ಮ ಆಕಳದ್ದರಿ. ಗಂಡುಕರ ಹುಟ್ಟಿದ್ರ ಕಟುಕರಿಗೆ ಕೊಡಬಾರದು, ಮಠಕ್ಕ ತಂದು ದೇವರಿಗೆ ಬಿಡಬೇಕು ಅಂತ ಸಂಘದಾಗ ನೇಮ ಮಾಡೀನಿ. ಅದಕ್ಕ ಸನ್ಮಾನ."

"ಇದು ತಾಯಿ ಹಾಲು ಕುಡದೈತೇನು?"

ಮಾಳವ್ವ ನಕ್ಕಳು. "ಗಂಡುಕರ ಅಲ್ಲೇನ್ರಿ ಅಜ್ಜಾರ. ಅದಕ್ಕ ಕುಡಿಸಿದ್ರ ಡೇರಿಗೆ ಏನ್ ಹಾಕೂದು?"

ಅಜ್ಜಾರು ಬಟ್ಟಲನ್ನು ಮುಟ್ಟದೆ ಪಕ್ಕಕ್ಕೆ ಸರಿಸಿದರು.

"ನಮ್ಮ ಹುಡುಗ್ರು ಮೊದಲ ಬಿಟ್ಟ ಕರ ಎಲ್ಲಿ ಅದಾವ್ರಿ? ಒಂದೂ ಕಾಣವಲ್ದು."

"ದೇವರ ಕಡೆ ಹ್ವಾದುವು."

"ಚಲೋ ಆತು," ಎಂದು ಮಾಳವ್ವ ಕೈಮುಗಿದಳು.

ಕರು ಅಜ್ಜಾರ ಬೆರಳು ಚೀಪತೊಡಗಿತು. ಅವರು ಬೆರಳು ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

"ಮಾಳವ್ವ, ಕರಕ್ಕ ಹಸಿವಾಗೈತಿ."

ಮಾಳವ್ವ ಕಣ್ಣು ಮುಚ್ಚಿದಳು. ಅಜ್ಜಾರ ಮಾತು ಎಂದೂ ನೆಟ್ಟಗಿರುತ್ತಿರಲಿಲ್ಲ. ಹಿಂದೊಮ್ಮೆ ದೇವರು ಎಲ್ಲಿದ್ದಾನೆ ಎಂದು ಕೇಳಿದಾಗ ಅವಳ ಕೈಗೆ ಕಸಬರಿಗೆ ಕೊಟ್ಟು ಎದ್ದು ಹೋಗಿದ್ದರು. ಅದನ್ನು ಅರ್ಥ ಮಾಡಿಕೊಳ್ಳಲು ಅವಳು ಅಂಗಳವನ್ನು ಬಹಳ ಕಾಲ ಗುಡಿಸಬೇಕಾಗಿತ್ತು.

"ತಿಳೀತ್ರಿ," ಎಂದಳು.

"ಏನ್ ತಿಳೀತು?"

"ನಾವೆಲ್ಲಾರೂ ಕರಗಳ. ನಮಗ ಜ್ಞಾನದ ಹಸಿವು."

ಅಜ್ಜಾರು ಅವಳ ಮುಖವನ್ನೇ ನೋಡಿದರು.

"ಅಲ್ಲವ್ವ. ಕರಕ್ಕ ಹಸಿವಾಗೈತಿ. ಮಠದಾಗ ಆಕಳಿಲ್ಲ."

"ಮಠದಾಗ ಆಕಳಿಲ್ಲ," ಎಂದು ಮಾಳವ್ವ ಮೆಲ್ಲಗೆ ತನ್ನಷ್ಟಕ್ಕೆ ಹೇಳಿಕೊಂಡಳು. ಬಹಳ ದೊಡ್ಡ ಮಾತು ಅನ್ನಿಸಿತು.

ಟಂಟಂನವನು ಹಾರ್ನ್ ಹೊಡೆದ. ಅವಳು ಕಾಲಿಗೆ ಬಿದ್ದು ಹೊರಟುಹೋದಳು.

ಸಂಜೆ ಅವಳಿಗೆ ಶಾಲು ಹೊದಿಸಿದರು. ಮೈಕ್ ಕೊಟ್ಟರು.

"ನಮ್ಮ ಗುರುಗಳು ಇವತ್ತು ನನಗ ಒಂದು ಮಾತು ಹೇಳಿದ್ರು," ಎಂದು ಅವಳು ಶುರುಮಾಡಿದಳು. ಕರುವಿಗೆ ಹಸಿವು, ಮಠದಲ್ಲಿ ಆಕಳಿಲ್ಲ. ಯುವಜನರ ಹಸಿವು ಎಂಥದ್ದು, ಆ ಆಕಳು ಯಾವುದು ಎಂದೆಲ್ಲ ಬಿಡಿಸಿ ಹೇಳಿದಳು. ಜನ ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನ ದೊಡ್ಡವರೊಬ್ಬರು ಕಣ್ಣು ಒರೆಸಿಕೊಂಡರು.

ವೇದಿಕೆಯಿಂದ ಕೆಳಗಿಳಿದಾಗ ಸಂಘದ ಹುಡುಗ ಫಕ್ಕೀರಪ್ಪ ಎದುರಿಗೆ ಬಂದ.

"ಅಕ್ಕಾ, ಭಾಷಣ ಭಾರಿ ಆತು. ಒಂದು ಕೇಳ್ಲಿ?"

"ಕೇಳೋ."

"ಮಠದಾಗ ಖರೇನ ಆಕಳಿಲ್ಲೇನು?"

"ಇಲ್ಲ."

"ಮತ್ತ ನಾವು ಬಿಟ್ಟ ಕರ ಏನ್ ಕುಡಿತಾವ?"

ಮಾಳವ್ವ ಹೆಗಲ ಮೇಲಿನ ಶಾಲು ತೆಗೆದಳು.

"ಯಾಕ ಅಕ್ಕಾ, ಶಾಲು ಭಾರ ಆತೇನು?" ಎಂದು ಅವನು ನಕ್ಕ. ಅವಳ ಮುಖ ನೋಡಿ ನಗು ನಿಲ್ಲಿಸಿದ.

ಮಠದ ಕಡೆಗೆ ಹೋಗುವ ಗಾಡಿ ಯಾವುದೂ ಉಳಿದಿರಲಿಲ್ಲ. ಮನೆಗೆ ಬಂದರೆ ಆಕಳು ದಾರಿಯ ಕಡೆ ಮುಖ ಮಾಡಿ ಒದರುತ್ತಿತ್ತು.

ಬೆಳಕು ಹರಿಯುತ್ತಲೇ ಮಾಳವ್ವ ಹಾಲು ಕರೆದಳು. ಡೇರಿಗೆ ಒಂದು ಹನಿಯನ್ನೂ ಹಾಕದೆ ಕ್ಯಾನ್ ಹೊತ್ತುಕೊಂಡು ಮೊದಲ ಟಂಟಂ ಹತ್ತಿ ಮಠ ಮುಟ್ಟಿದಳು.

ಅಂಗಳದಲ್ಲಿ ಅಜ್ಜಾರು ಇರಲಿಲ್ಲ. ಮಠದ ಹಿಂದೆ, ಹೊಳೆಯ ಮಗ್ಗುಲಿಗೆ ಗುದ್ದಲಿಯ ಸದ್ದು ಕೇಳಿಸಿತು.

ಅವರು ಕುಣಿ ತೋಡುತ್ತಿದ್ದರು. ಪಕ್ಕದಲ್ಲಿ ಅವರ ಕಾವಿ ಪಂಚೆ ಹೊದಿಸಿದ ಕರು. ಚೆಂಡು ಹೂವು ಇನ್ನೂ ಬಾಡಿರಲಿಲ್ಲ.

"ಗಂಜಿ ಕಾಸಿ, ಅರಿವಿಯೊಳಗ ಅದ್ದಿ ಬಾಯಾಗ ಹಿಂಡಿದೆ," ಎಂದರು ಅಜ್ಜಾರು. "ನುಂಗಲಿಲ್ಲ."

ಮಾಳವ್ವ ಸುತ್ತಲೂ ನೋಡಿದಳು. ದಂಡೆಯುದ್ದಕ್ಕೂ ಸಣ್ಣ ಸಣ್ಣ ಮಣ್ಣಿನ ದಿಬ್ಬಗಳು. ಕೆಲವುಗಳ ಮೇಲೆ ಹುಲ್ಲು ಬೆಳೆದಿತ್ತು. ಕೆಲವು ಇನ್ನೂ ಹಸಿಯಾಗಿದ್ದವು.

"ಇವು?"

"ನಿಮ್ಮವ."

ಅವಳು ಕರುವಿನ ಪಕ್ಕ ಕುಳಿತು ಪಂಚೆಯ ಅಂಚು ಸರಿಪಡಿಸಿದಳು. ಅಳು ಬರಲಿಲ್ಲ.

"ನಿನ್ನೆ ನೀವು ಹೇಳಿದ ಮಾತಿಗೆ ಅರ್ಥ ಏನಿತ್ರಿ?"

"ಅರ್ಥ ಇರಲಿಲ್ಲ. ಅದರ ಹೊಟ್ಟಿ ಖಾಲಿ ಇತ್ತು."

"ಬಿಡಿಸಿ ಹೇಳಬಾರದಿತ್ತೇನ್ರಿ?"

"ಎರಡು ಸಲ ಹೇಳಿದೆ." ಗುದ್ದಲಿ ನಿಂತಿತು. "ತಪ್ಪು ನಂದೂ ಐತವ್ವ. ಇಷ್ಟು ವರ್ಷ ಒಡಪಿನಾಗ ಮಾತಾಡಿ ಮಾತಾಡಿ ನಿನ್ನ ಕಿವಿ ಕೆಡಿಸಿ ಇಟ್ಟೆ."

ಇಬ್ಬರೂ ಸೇರಿ ಕರುವನ್ನು ಕುಣಿಯೊಳಗೆ ಇಳಿಸಿದರು. ಅದು ಬಹಳ ಹಗುರವಾಗಿತ್ತು.

ಕ್ಯಾನು ಇನ್ನೂ ಬೆಚ್ಚಗಿತ್ತು. ಮಾಳವ್ವ ಅದನ್ನು ಎತ್ತಿಕೊಂಡಳು, ಕೆಳಗಿಟ್ಟಳು, ಮತ್ತೆ ಎತ್ತಿಕೊಂಡಳು.

"ಅಜ್ಜಾರ, ಈ ಹಾಲು ಏನ್ ಮಾಡ್ಲಿ?"

ಅಜ್ಜಾರು ತಲೆ ಎತ್ತದೆ ಮಣ್ಣು ಎಳೆಯುತ್ತಿದ್ದರು.

"ಡೇರಿಗೆ ಹಾಕವ್ವ. ಅದು ಇನ್ನೂ ತೆಗದಿರತೈತಿ."